ಹನ್ನೊಂದನೆಯ ಹಾಳೆಯ ಹುಳುವಿನವರ ಸನ್ನಿಧಿಗೆ

ಇವರಿಗೆ,
ಶ್ರೀಯುತ ಪುಸ್ತಕದ ಹುಳು ಅವರು
(ಅಥವಾ ಶ್ರೀಮತಿ, ಈಗ ವಿಚಾರಿಸಲು ಸಾಧ್ಯವಿಲ್ಲದ್ದರಿಂದ ಕ್ಷಮೆಯಿರಲಿ),
ಹನ್ನೊಂದನೆಯ ಹಾಳೆಯಿಂದ ಹದಿನೇಳನೆಯ ಹಾಳೆಯವರೆಗೆ,
ಹಸ್ತಪ್ರತಿ ವಿಭಾಗ, ಗ್ರಂಥಾಲಯದ ನೆಲಮಾಳಿಗೆ.

ವಿಷಯ: ತಾವು ಕೊರೆದ ತೂತನ್ನು ನಾನು ನುಡಿಸಿದ ಬಗ್ಗೆ.

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ಘನವಾದ ಹಸಿವಿಗೆ ನನ್ನ ಅನಂತ ನಮಸ್ಕಾರಗಳು. ತಾವು ಕಾಲವಾಗಿ ಇನ್ನೂರು ಮುನ್ನೂರು ವರ್ಷಗಳಾಗಿರಬೇಕೆಂದು ಬಲ್ಲವರು ಹೇಳುತ್ತಾರಾದರೂ, ತಮ್ಮ ಕೃತಿ ಇನ್ನೂ ಜೀವಂತವಾಗಿರುವುದರಿಂದ, ಅದಕ್ಕಿಂತ ಹೆಚ್ಚಾಗಿ ನನ್ನ ಜೀವ ಹಿಂಡುತ್ತಿರುವುದರಿಂದ, ತಾವು ಎಲ್ಲಿದ್ದರೂ ಕ್ಷೇಮವಾಗಿಯೇ ಇದ್ದೀರೆಂದು ನಂಬಿ ಈ ಪತ್ರವನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಖಾಸಗಿಯಾಗಿಯೇ ಬರೆಯಬಹುದಿತ್ತು, ಆದರೆ ತಮ್ಮ ಕೈಗೆ ಕಾಗದ ಸಿಕ್ಕರೆ ತಾವು ಅದನ್ನು ಓದುವುದಿಲ್ಲವೆಂಬುದು ಅನುಭವದಿಂದ ಗೊತ್ತಾಗಿದೆ.

ನಾನು ಹಾರ್ಪ್ಸಿಕಾರ್ಡ್ ನುಡಿಸುವವಳು. ಪಿಯಾನೋದ ಅಜ್ಜಿ ಎನ್ನಬಹುದಾದ ಈ ವಾದ್ಯದಲ್ಲಿ ಕೀ ಒತ್ತಿದರೆ ಒಳಗಿನ ಸಣ್ಣ ಗರಿಯೊಂದು ತಂತಿಯನ್ನು ಮೀಟುತ್ತದೆ. ಸವರಿದರೂ ಅಷ್ಟೇ ಸದ್ದು, ಗುದ್ದಿದರೂ ಅಷ್ಟೇ ಸದ್ದು, ಆದ್ದರಿಂದ ತಪ್ಪು ಸ್ವರವನ್ನು ಮೆಲ್ಲಗೆ ನುಡಿಸಿ ಮುಚ್ಚಿಹಾಕುವ ಸೌಕರ್ಯ ನಮ್ಮವರಿಗಿಲ್ಲ. ಇಂಥ ಚಾಡಿಕೋರ ವಾದ್ಯದ ಮುಂದೆ ಮೂವತ್ತು ವರ್ಷ ಕೂತು ನಾನು ಸಂಪಾದಿಸಿದ್ದು ಒಂದೇ ಒಂದು ಹೆಸರು: ‘ಬರೆದದ್ದನ್ನು ಬರೆದ ಹಾಗೆ ನುಡಿಸುವವಳು’ ಎಂದು. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ‘ಪುಸ್ತಕದ ಹುಳ’ ಎಂದು ಕರೆಯುತ್ತಿದ್ದರು, ನಾನೂ ಹೆಮ್ಮೆಪಡುತ್ತಿದ್ದೆ. ಆ ಬಿರುದಿಗೆ ನನಗಿಂತ ಯೋಗ್ಯರೊಬ್ಬರು ಇದ್ದಾರೆಂದು ಅವರಿಗಾಗಲಿ ನನಗಾಗಲಿ ಆಗ ತಿಳಿದಿರಲಿಲ್ಲ.

ಕಳೆದ ವರ್ಷ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಕುದುರೆಗಳ ಹೊಟ್ಟೆನೋವಿಗೆ ಮದ್ದು ಹೇಳುವ ಹತ್ತು ಹಾಳೆಗಳ ಕೈಪಿಡಿಯ ಬೆನ್ನಿಗೆ ಹೊಲಿದಿದ್ದ, ಮುನ್ನೂರೈವತ್ತು ವರ್ಷ ಹಳೆಯದಾದ ಫ್ರೆಂಚ್ ಸಂಗೀತದ ಹಸ್ತಪ್ರತಿಯೊಂದು ಸಿಕ್ಕಿತು. ಕುದುರೆಯ ಹೊಟ್ಟೆನೋವನ್ನು ಮೂಸಿಯೂ ನೋಡದೆ ನೇರವಾಗಿ ಹನ್ನೊಂದನೆಯ ಹಾಳೆಗೆ, ಅಂದರೆ ಸಂಗೀತಕ್ಕೆ, ಬಾಯಿಟ್ಟ ತಮ್ಮ ಅಭಿರುಚಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಶುಭಾರಂಭಕ್ಕೆ ತಾವು ಆರಿಸಿಕೊಂಡದ್ದು ಮೊದಲ ಸಾಲಿನಲ್ಲಿದ್ದ ಸಂಗೀತಗಾರರ ಹೆಸರನ್ನು. ಕೊನೆಯ ಎರಡು ಅಕ್ಷರಗಳನ್ನು ಮಾತ್ರ, ಪ್ರಾಯಶಃ ಹೊಟ್ಟೆ ತುಂಬಿ, ಉಳಿಸಿದ್ದೀರಿ. ಆ ಎರಡಕ್ಷರಗಳ ಒಡೆಯರು ಯಾರೆಂಬುದರ ಮೇಲೆ ವಿದ್ವಾಂಸರಲ್ಲಿ ಈಗ ಮೂರು ಪಂಗಡಗಳಾಗಿವೆ, ಒಂದು ಪಂಗಡದವರು ಇನ್ನೊಂದು ಪಂಗಡದವರ ಮನೆಯಲ್ಲಿ ನೀರು ಸಹ ಮುಟ್ಟುವುದಿಲ್ಲ.

ತಮಗೆ ಗೊತ್ತಿರುವ ಹಾಗೆ, ಏಕೆಂದರೆ ತಾವು ಅದನ್ನು ನನಗಿಂತ ಆಳವಾಗಿ ಹೊಕ್ಕವರು, ಆ ಕಾಲದ ಫ್ರೆಂಚರು ಕೆಲವು ರಚನೆಗಳನ್ನು ತಾಳದ ಲೆಕ್ಕವನ್ನೇ ಹಾಕದೆ ಬರೆದಿಡುತ್ತಿದ್ದರು. ಐದು ಗೆರೆಗಳ ಮೇಲೆ ಬರೀ ದುಂಡನೆಯ ಬಿಳಿ ಸೊನ್ನೆಗಳು. ಬಾಲವಿಲ್ಲ, ಕಡ್ಡಿಯಿಲ್ಲ, ಯಾವ ಸ್ವರವನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂಬ ಸುಳಿವಿಲ್ಲ. ಎಲ್ಲವನ್ನೂ ನುಡಿಸುವವರ ವಿವೇಕಕ್ಕೆ ಬಿಟ್ಟಿರುತ್ತಾರೆ. ಗ್ರಂಥಾಲಯದವರು ಮೂಲವನ್ನು ಮುಟ್ಟಲು ಬಿಡದೆ, ಪ್ರತಿ ಹಾಳೆಯ ಹಿಂದೆ ಬಿಳಿ ಕಾಗದವಿಟ್ಟು ತೆಗೆದ ನಕಲನ್ನು ಕೊಟ್ಟರು. ತಾವು ಕೊರೆದ ತೂತಿನ ಅಂಚು ಕಾಲಕ್ರಮೇಣ ಕಪ್ಪಾಗಿತ್ತು, ನಡುವೆ ಹಿಂದಿನ ಬಿಳಿ ಕಾಗದ ಕಾಣುತ್ತಿತ್ತು, ಒಟ್ಟಿನಲ್ಲಿ ಅದು ನಡುಗೆರೆಯ ಮೇಲೆ ಸೊಗಸಾಗಿ ಕೂತ ದುಂಡನೆಯ ಬಿಳಿ ಸೊನ್ನೆಯಾಗಿತ್ತು. ನಾನು ಬರೆದದ್ದನ್ನು ಬರೆದ ಹಾಗೆ ನುಡಿಸುವವಳು. ನುಡಿಸಿದೆ.

ಒಂದು ಸಲವಲ್ಲ, ಏಳು ಹಾಳೆಗಳ ಹದಿನಾಲ್ಕು ಪುಟಗಳಲ್ಲಿ ಹದಿನಾಲ್ಕು ಸಲ. ಹಾಳೆಯ ಈ ಮಗ್ಗುಲಲ್ಲಿ ಬಲಕ್ಕಿದ್ದ ಸ್ವರ, ಮಗುಚಿದರೆ ಅದೇ ಎತ್ತರದಲ್ಲಿ ಎಡಕ್ಕೆ ಬರುತ್ತಿತ್ತು. ತೂತು ಹಾಗೆಯೇ ಬರುತ್ತದೆ, ಇನ್ನು ಹೇಗೆ ಬರಬೇಕು ಎಂದು ತಾವು ಕೇಳಬಹುದು. ನಾನು ಕೇಳಲಿಲ್ಲ. ಬದಲಿಗೆ ಅದನ್ನು ‘ಕನ್ನಡಿ ತತ್ತ್ವ’ ಎಂದು ಕರೆದು, ತನ್ನ ಪ್ರತಿಬಿಂಬವನ್ನು ತಾನೇ ಅರಸುವ ಏಕಾಂಗಿ ಆತ್ಮವೊಂದರ ಮೊರೆ ಎಂದು ವ್ಯಾಖ್ಯಾನಿಸಿ, ಈ ಸಂಗೀತದ ನನ್ನ ಹೊಸ ಡಿಸ್ಕಿನ ಜೊತೆ ಕೊಡುವ ಕಿರುಹೊತ್ತಗೆಗೆ ನಾಲ್ಕು ಪುಟಗಳ ಪ್ರಬಂಧವನ್ನು ಬರೆದೆ, ಅಡಿಟಿಪ್ಪಣಿಗಳ ಸಮೇತ.

ಧ್ವನಿಮುದ್ರಣ ನಡೆದದ್ದು ಹೊಲಿಗೆ ಕಲಿಸುವ ಶಾಲೆಯೊಂದರ ಮೇಲ್ಮಹಡಿಯಲ್ಲಿ, ಯಂತ್ರಗಳು ಸುಮ್ಮನಿರುವ ಭಾನುವಾರಗಳಂದು. ನಮ್ಮ ಧ್ವನಿಮುದ್ರಕರು ಮಾತಿಗೊಮ್ಮೆ ‘ಸದ್ದು!’ ಎಂದು ಗದರುವುದರಿಂದ ಎಲ್ಲರೂ ಅವರನ್ನು ಸದ್ದಪ್ಪ ಎಂದೇ ಕರೆಯುತ್ತಾರೆ. ಸದ್ದಪ್ಪನವರು ಗೋಡೆ ಗಡಿಯಾರದ ಬ್ಯಾಟರಿ ತೆಗೆದರು, ಪಕ್ಕದ ಮನೆಯವರ ಕೈಕಾಲು ಹಿಡಿದು ಅವರ ಫ್ರಿಜ್ ಆರಿಸಿದರು, ನಮ್ಮ ಚಪ್ಪಲಿ ಬಿಚ್ಚಿಸಿದರು, ಹೊಟ್ಟೆ ಗುರುಗುಟ್ಟುವ ಸದ್ದು ಮೈಕಿಗೆ ಬೀಳಬಾರದೆಂದು ಗಂಟೆಗೊಂದು ಬಾಳೆಹಣ್ಣು ತಿನ್ನಿಸಿದರು. ತಲೆಯಿಲ್ಲದ ಬಟ್ಟೆಗೊಂಬೆಗಳ ನಡುವೆ, ಒಂಬತ್ತು ಬಾಳೆಹಣ್ಣುಗಳ ಭಾರದಲ್ಲಿ, ನಾನು ತಮ್ಮ ಊಟದ ಗುರುತನ್ನು ಕಣ್ಣು ಮುಚ್ಚಿ, ತಲೆ ತೂಗುತ್ತಾ ನುಡಿಸಿದೆ.

ಇನ್ನು ನನ್ನ ದೂರಿನ ತಿರುಳಿಗೆ ಬರುತ್ತೇನೆ. ನನ್ನ ವಾದ್ಯದ ಶ್ರುತಿ ನೋಡುವವಳು ನನ್ನ ಅಕ್ಕ. ಕೋಣೆ ಸ್ವಲ್ಪ ಬಿಸಿಯಾದರೂ ಹಾರ್ಪ್ಸಿಕಾರ್ಡಿನ ಶ್ರುತಿ ಜಾರುತ್ತದೆ, ಆದ್ದರಿಂದ ಎರಡು ಗಂಟೆಗೊಮ್ಮೆ ಅವಳು ಬಗ್ಗಿ ನೂರಾರು ತಂತಿಗಳನ್ನು ಒಂದೊಂದಾಗಿ ಸರಿಪಡಿಸಬೇಕು. ಇಪ್ಪತ್ತಾರು ವರ್ಷಗಳಿಂದ ಅವಳಿಲ್ಲದೆ ನಾನು ಒಂದು ಕಛೇರಿಯನ್ನೂ ಮಾಡಿದವಳಲ್ಲ. ಮೂರನೆಯ, ಅಂದರೆ ಮುದ್ರಣದ ಕೊನೆಯ, ಭಾನುವಾರ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, “ಆ ಸ್ವರ ಅಲ್ಲಿ ಹೊಂದೋದೇ ಇಲ್ಲ ಕಣೇ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ. ಒಂದ್ಸಲ ಮೂಲ ನೋಡ್ಕೊಂಡು ಬಾ” ಎಂದಳು. ನಾನು ಸದ್ದಪ್ಪನವರ ಎದುರಿಗೇ, “ಅಕ್ಕಾ, ನಿನ್ನ ಕೆಲಸ ತಂತಿ ಬಿಗಿಯೋದು. ಅಷ್ಟು ಮಾಡು, ಸಾಕು” ಎಂದೆ. ಸದ್ದಪ್ಪನವರು ಸಹ ‘ಸದ್ದು’ ಎನ್ನಲಿಲ್ಲ. ಅಕ್ಕ ಉಳಿದಿದ್ದ ತಂತಿಗಳನ್ನೆಲ್ಲ ಬಿಗಿದು ಮುಗಿಸಿ, ಚೀಲ ಎತ್ತಿಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅದಾಗಿ ಇಂದಿಗೆ ಹನ್ನೊಂದು ವಾರ, ಅವಳು ನನ್ನ ಫೋನ್ ಎತ್ತಿಲ್ಲ.

ಈ ನಡುವೆ ಡಿಸ್ಕಿನ ಮುಂಗಡ ಪ್ರತಿಗಳು ವಿಮರ್ಶಕರ ಕೈಸೇರಿದವು. ಮಾನ್ಯರೇ, ತಮ್ಮ ಕೀರ್ತಿಯನ್ನು ಏನೆಂದು ಬಣ್ಣಿಸಲಿ! ಒಬ್ಬರು ಆ ಒಂಟಿ ಸ್ವರದಲ್ಲಿ ಸಂಗೀತಗಾರರು ತೀರಿಹೋದ ಮಡದಿಗಾಗಿ ಬಿಟ್ಟ ನಿಟ್ಟುಸಿರನ್ನು ಕೇಳಿದರು. ಇನ್ನೊಬ್ಬರು ಅದನ್ನು ಕೇಳಿ ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿ ಅತ್ತರಂತೆ. ಮೊಸರಿನಲ್ಲಿ ಕಲ್ಲು ಹುಡುಕುವ ಇವರು, ಜೀವನವಿಡೀ ಬೇರೆಯವರ ಹುಳುಕು ಹುಡುಕಿದವರು, ಇಡಿಯ ಹುಳುವೇ ಎದುರಿಗಿದ್ದರೂ ಕೈಮುಗಿದು ಬಂದರು. ಯಾವ ಗುರುವಿನ ಕಾಲನ್ನೂ ಒತ್ತದೆ, ಒಂದು ದಿನವೂ ಸಾಧನೆ ಮಾಡದೆ, ಕೇವಲ ಹಲ್ಲಿನ ಬಲದಿಂದ ಈ ಎತ್ತರಕ್ಕೇರಿದವರು ಸಂಗೀತಲೋಕದಲ್ಲಿ ತಮ್ಮನ್ನು ಬಿಟ್ಟರೆ ಬಹಳ ಮಂದಿ ಇರಲಾರರು. ಇದ್ದಾರೆ, ಆದರೆ ಅವರ ವಿಷಯ ಇಲ್ಲಿ ಬೇಡ.

ಸತ್ಯ ಹೊರಬಿದ್ದದ್ದು ಹದಿನೈದು ದಿನಗಳ ಹಿಂದೆ. ಡಿಸ್ಕಿನ ಮುಖಪುಟಕ್ಕೆ ಹಸ್ತಪ್ರತಿಯ ಚಿತ್ರ ಬೇಕೆಂದು ಗ್ರಂಥಾಲಯಕ್ಕೆ ಹೋದಾಗ, ಗ್ರಂಥಪಾಲಕರು ಬಿಳಿ ಕೈಗವಸು ತೊಟ್ಟು ಹನ್ನೊಂದನೆಯ ಹಾಳೆಯನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದರು. ನಾನು ಆ ಮಹಾಸ್ವರವನ್ನು ಕಣ್ತುಂಬ ನೋಡಲೆಂದು ಬಾಗಿದೆ. ಸ್ವರದೊಳಗೆ ಅವರ ಅಂಗಿಯ ಗುಂಡಿ ಕಾಣಿಸಿತು. ಕತ್ತು ಓರೆ ಮಾಡಿದೆ, ಎರಡನೆಯ ಗುಂಡಿ ಕಾಣಿಸಿತು. “ಅದು ಸ್ವರ ಅಲ್ಲ ಮೇಡಂ, ಹುಳ ತಿಂದಿರೋದು. ಹದಿನೇಳರ ತನಕ ಹೀಗೇ ಇದೆ” ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿದರು. ತಲೆಗೆ ಹುಳ ಬಿಡುವುದು ಎಂಬ ಮಾತಿನ ಪೂರ್ತಿ ಅರ್ಥ ನನಗೆ ಅಂದು ಆಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ, ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕು. ಯಾವ ಸೊನ್ನೆ ಸಂಗೀತಗಾರರದು, ಯಾವುದು ತಮ್ಮದು ಎಂಬುದನ್ನು ಪುಟವಾರು ವಿಂಗಡಿಸಿ ಸಹಿ ಮಾಡಿದ ಹೇಳಿಕೆಯನ್ನು ಎರಡು ಪ್ರತಿಗಳಲ್ಲಿ ಒದಗಿಸಬೇಕು, ಎರಡನೆಯ ಪ್ರತಿಯನ್ನು ತಿನ್ನದೆ. ನುಂಗಿದ ಹೆಸರನ್ನು ಹಿಂದಿರುಗಿಸಬೇಕು; ಅರಗಿಹೋಗಿದ್ದರೆ ಏನೆಂದು ಬರೆದಿತ್ತು ಎಂಬುದನ್ನಾದರೂ ತಿಳಿಸಿದರೆ ಆ ಮೂರು ಪಂಗಡದವರು ಮತ್ತೆ ಒಟ್ಟಿಗೆ ಕೂತು ಕಾಫಿ ಕುಡಿದಾರು. ಇನ್ನು ಮುಂದೆ ಊಟಕ್ಕೆ ಕೂರುವಾಗ ದಯಮಾಡಿ ಅಂಚಿನಲ್ಲಿ ಕೂರಬೇಕು, ಅಲ್ಲಿಯೂ ಅದೇ ಕಾಗದವೇ ಇರುತ್ತದೆ. ಕಡೆಯದಾಗಿ, ನನ್ನ ಅಕ್ಕನ ಮನೆಗೆ ಖುದ್ದಾಗಿ ಹೋಗಿ, ಅದು ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ, ತಮಗೆ ಅದರ ಅಗತ್ಯವೂ ಇರಲಾರದು, ‘ತಾಯೀ, ನಿಮ್ಮ ಕಿವಿಯೇ ಸರಿ, ನಿಮ್ಮ ತಂಗಿಯ ಕಣ್ಣು ತಪ್ಪು’ ಎಂದು ಹೇಳಬೇಕು.

ಇದನ್ನು ನೀನೇ ಹೇಳಬಾರದೇ ಎಂದು ತಾವು ಕೇಳಬಹುದು. ಹದಿನಾಲ್ಕು ಪುಟಗಳನ್ನೂ ಮತ್ತೆ ನುಡಿಸಿ ಧ್ವನಿಮುದ್ರಿಸಲು ನಾನೇ ಕೂತು ಶ್ರುತಿ ಮಾಡಿ ನೋಡಿದೆ; ಪಾತ್ರೆ ಅಂಗಡಿಯ ಕಪಾಟು ಮಗುಚಿದಂತಾಯಿತು, ಸದ್ದಪ್ಪನವರು ಮೈಕನ್ನು ಸುಮ್ಮನೆ ಮಡಚಿಟ್ಟರು. ಆದರೆ ನನಗೆ ಬೇಕಾಗಿರುವುದು ಶ್ರುತಿಯೊಂದೇ ಅಲ್ಲ. ನನಗೆ ಅಕ್ಕ ಬೇಕು. ಅವಳು ಪತ್ರಿಕೆ ಬಿಡಿಸಿದರೆ ಮೊದಲು ಓದುವುದು ವಾಚಕರ ಪತ್ರಗಳನ್ನು. ಆದ್ದರಿಂದಲೇ ತಮಗೆ ಬರೆಯುವ ನೆಪದಲ್ಲಿ ಇಷ್ಟುದ್ದ ಬರೆದಿದ್ದೇನೆ. ಹುಳುವಿಗೆ ಬರೆಯುವುದು ಸುಲಭ, ಮಾನ್ಯರೇ, ಅಕ್ಕನಿಗೆ ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಲ್ಲುತ್ತದೆ.

ಮತ್ತೊಮ್ಮೆ ತಮ್ಮ ಹಲ್ಲಿಗೂ ಹೊಟ್ಟೆಗೂ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತಾ,

ತಮ್ಮ ವಿಶ್ವಾಸಿ,
ತಮ್ಮ ರಚನೆಗಳ ಏಕೈಕ ವಾದಕಿ

ವಿ.ಸೂ.: ಪತ್ರ ಉದ್ದವಾಯಿತೆಂದು ಸಂಪಾದಕರು ಇದನ್ನು ಎರಡು ವಾರ ಮೇಜಿನ ಮೇಲೇ ಇಟ್ಟುಕೊಂಡರು. ತಾಳಲಾರದೆ ನಾನೇ ಇದರ ಪ್ರತಿ ಹಿಡಿದು ನಾಲ್ಕು ಮಹಡಿ ಹತ್ತಿದೆ. ಅಕ್ಕ ಬಾಗಿಲಲ್ಲೇ ನಿಂತು ಕೊನೆಯವರೆಗೂ ಓದಿ, “ಹುಳಕ್ಕೆ ಯಾಕೆ ಬರೆದೆ? ‘ತಂತಿ ಬಿಗಿಯೋದು’ ಅಂದಿದ್ದು ಹುಳ ಅಲ್ಲವಲ್ಲ” ಎಂದಳು. “ತಪ್ಪಾಯ್ತಕ್ಕ” ಎಂದೆ, ಅಷ್ಟು ಚಿಕ್ಕ ಮಾತಿಗೆ ತಮ್ಮ ಸಹಾಯ ಬೇಕಾಗಲಿಲ್ಲ. ಮುಂದಿನ ಭಾನುವಾರವೇ ಅವಳು ಬಂದು ಶ್ರುತಿ ಮಾಡಿದಳು, ತಮ್ಮ ಸ್ವರವನ್ನು ಬಿಟ್ಟು ಹದಿನಾಲ್ಕು ಪುಟಗಳನ್ನೂ ನುಡಿಸಿದೆ, ಸದ್ದಪ್ಪನವರೂ ಸೇರಿ ಮೂವರೂ ಕೂತು ಕೇಳಿದೆವು. ಅಕ್ಕ, “ಈಗ ಅಲ್ಲಿ ತೂತು ಬಿದ್ದ ಹಾಗಿದೆ ಕಣೇ. ಆ ಸ್ವರ ಇದ್ದಿದ್ರೇ ಚೆನ್ನಾಗಿತ್ತಾ?” ಎಂದು ನನ್ನನ್ನು ಕೇಳಿದಳು. “ಕಿವಿ ನಿನ್ನದು, ನೀನೇ ಹೇಳು” ಎಂದೆ. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ಅವಳ ತೀರ್ಮಾನ ಬರುವವರೆಗೆ ತಾವು ಬೀಗಬೇಕಾಗಿಲ್ಲ, ಮತ್ತು ತಮ್ಮ ವಂಶಸ್ಥರು ಯಾರೂ ಹದಿನೆಂಟನೆಯ ಹಾಳೆಯ ಹತ್ತಿರ ಸುಳಿಯಕೂಡದು.