ಮುಳ್ಳು ಸಿಕ್ಕಿಕೊಂಡಿಲ್ಲ, ಹಾಡೇ ಹಾಗೆ

ಒಂದೂರಲ್ಲಿ ನೆಟ್ಟಗೆ ನಿಲ್ಲದವನಿಗೆ ಇಂಥ ಪ್ರಸಂಗಗಳು ಮಳೆಗಾಲದ ಇಂಬಳದ ಹಾಗೆ. ಕಾಲಿಗೆ ಹತ್ತಿ ರಕ್ತ ಹೀರಿದ್ದು ಆಮೇಲೆ ಗೊತ್ತಾಗುವುದು.

ಅರವತ್ತರ ದಶಕದ ಕೊನೆ. ಶಾಲೆಗೆ ಬೇಗನೆ ಕೈಮುಗಿದು, ಬಸ್ಸಿನ ಕ್ಲೀನರ್, ನಾಟಕ ಕಂಪನಿಯಲ್ಲಿ ಪರದೆ ಎಳೆಯುವವ ಎಲ್ಲ ಆಗಿ, ಆಗ ಸಾಗರದ ಒಂದು ಮೈಕ್‌ಸೆಟ್ ಅಂಗಡಿಯಲ್ಲಿದ್ದೆ. ಮದುವೆ ಮನೆಗಳಿಗೆ ಹೋಗಿ ಗ್ರಾಮಫೋನ್ ಪ್ಲೇಟು ಹಾಕುವ ಕೆಲಸ. ಕೆಳದಿ ಗುಡಿಯ ಕಂಬಗಳ ಚಿತ್ರ ಬರೆಯಲು ಬಂದಿದ್ದ ವಿದೇಶಿಯೊಬ್ಬ ಊರಿಗೆ ಹೊರಟಾಗ ನನಗೊಂದು ಪ್ಲೇಟು ಕೊಟ್ಟ. ಅವರ ಕಡೆಯ ಹೊಸ ಸಂಗೀತಗಾರನದಂತೆ. ನಾಲ್ಕೈದು ಸ್ವರ, ಅವನ್ನೇ ತಿರುಗಿಸಿ ತಿರುಗಿಸಿ. "ಕೊನೆತನಕ ಕೇಳಬೇಕು," ಎಂದು ಅರೆಬರೆ ಕನ್ನಡದಲ್ಲಿ ಹೇಳಿ ರೈಲು ಹತ್ತಿದ.

ಮೊದಲು ನನಗೂ ತಲೆಚಿಟ್ಟು ಹಿಡಿಯಿತು. ಆಮೇಲೊಂದು ದಿನ ಸುಮ್ಮನೆ ಕೂತು ಕೇಳಿದೆ. ಮಂಡಗದ್ದೆಯಲ್ಲಿ ಹೊಳೆ ನಡುವೆ ಹಕ್ಕಿ ತುಂಬಿದ ಮರ ನೋಡುತ್ತ ಕೂತ ಹಾಗಾಯಿತು. ಅದೇ ಮರ, ಅವೇ ಹಕ್ಕಿ. ಯಾವುದು ಹಾರಿತು, ಯಾವುದು ಕೂತಿತು ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮರವೇ ಬೇರೆ! ಈ ಸುಖ ನನ್ನೊಬ್ಬನಿಗೇ ಯಾಕೆ, ಇನ್ನೊಬ್ಬರಾದರೂ ಇದನ್ನು ಕೊನೆತನಕ ಕೇಳಬೇಕು ಎಂಬ ಹುಚ್ಚು ಹತ್ತಿತು.

ಅಡ್ಡಿ ಒಂದೇ. ಗೀರಲ್ಲಿ ಸಿಕ್ಕಿ ಪ್ಲೇಟು ಹೇಳಿದ್ದನ್ನೇ ಹೇಳತೊಡಗಿದರೆ ಹತ್ತಿರವಿದ್ದವರು ಮುಳ್ಳನ್ನು ಬೆರಳಿಂದ ಮುಂದೆ ತಳ್ಳಬೇಕು. ನಮ್ಮ ಕಡೆ ಅದು ಯಾರೂ ಕಲಿಸದೆ ಬರುವ ವಿದ್ಯೆ.

ಸಾಗರದಲ್ಲಿ

ಮೊದಲು ಅಂಗಡಿಯಲ್ಲೇ ಹಾಕಿದೆ. ಒಳಗೆ ಕಾಫಿ ಕುಡಿಯುತ್ತಿದ್ದ ಯಜಮಾನರು ಲೋಟದ ಸಮೇತ ಓಡಿ ಬಂದರು.

"ಕಿವಿ ಕೇಳ್ತದೇನೋ ನಿಂಗೆ? ಮುಳ್ಳು ಸಿಕ್ಕೊಂಡಿದೆ!"

"ಸಿಕ್ಕೊಂಡಿಲ್ಲ ಯಜಮಾನ್ರೇ, ಹಾಡೇ ಹಾಗೆ."

ಅವರು ಬಗ್ಗಿ ನೋಡಿದರು. ಮುಳ್ಳು ಸರಿಯಾಗೇ ಒಳಗೆ ಸರಿಯುತ್ತಿತ್ತು. ಇನ್ನೊಂದು ಗುಟುಕು ಕಾಫಿ ಕುಡಿದು, "ಹಾಗಾದ್ರೆ ಸಿಕ್ಕೊಂಡಿರೋನು ಹಾಡು ಕಟ್ಟಿದೋನು. ಅವನನ್ನೇ ತಳ್ಳಬೇಕು," ಎಂದು ಮುಳ್ಳೆತ್ತಿಟ್ಟರು.

ಹೊಸನಗರದಲ್ಲಿ

ಮದುವೆ ಊಟದ ಹೊತ್ತಿಗೆ ಉಪಾಯ ಹೊಳೆಯಿತು. ಎಲ್ಲರದೂ ಎಂಜಲು ಕೈ, ಪಂಕ್ತಿ ಮುಗಿಯದೆ ಯಾರೂ ಏಳುವ ಹಾಗಿಲ್ಲ. ಮುಳ್ಳು ತಳ್ಳುವವರು ಯಾರು? ಧೈರ್ಯವಾಗಿ ಹಾಕಿದೆ.

ಮೊದಲು ಅತ್ತಿತ್ತ ನೋಡಿದರು. ಆಮೇಲೆ ಒಬ್ಬೊಬ್ಬರೇ ಕೂಗತೊಡಗಿದರು. ಪಂಕ್ತಿಯ ತುದಿಯಲ್ಲಿದ್ದ ಹಿರಿಯರಿಗಂತೂ ತಡೆಯಲಾಗಲಿಲ್ಲ.

"ಎಂತದು ಮಾರಾಯಾ! ಹಾಡೂ ಮುಂದೆ ಹೋಗ್ತಿಲ್ಲ, ಪಾಯಸವೂ ಬರ್ತಿಲ್ಲ! ಕೈ ತೊಳೆದೋರು ಯಾರಾದ್ರೂ ತಳ್ರೋ!"

ಹುಳಿ ಬಡಿಸುತ್ತಿದ್ದವನು ಬಕೆಟ್ಟು ಕೆಳಗಿಟ್ಟು ಬಂದು, ನಾನು ತಡೆಯುವುದರೊಳಗೆ ಸೌಟಿನ ಹಿಡಿಯಿಂದ ಮುಳ್ಳನ್ನು ಒಂದೇ ಸಲ ಎರಡು ಬೆರಳಷ್ಟು ಮುಂದೆ ಹಾರಿಸಿದ. ಪಂಕ್ತಿಗೆ ಪಂಕ್ತಿಯೇ ಉಸಿರು ಬಿಟ್ಟಿತು. ಮೈಕಿನ ಕೊಂಬಿನಿಂದ ಮತ್ತೆ ಅದೇ ಸ್ವರ ಹೊರಟಿತು. ಹಿರಿಯರು ತುತ್ತು ಕೆಳಗಿಟ್ಟರು.

"ಅಯ್ಯೋ, ಮುಂದೆನೂ ಕೆಟ್ಟಿದೆಯಲ್ಲೋ!"

ತೀರ್ಥಹಳ್ಳಿಯಲ್ಲಿ

ಅಲ್ಲೊಂದು ಮದುವೆಯಲ್ಲಿ ವರನ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು, ಎಲ್ಲರೂ ಕಾಯುತ್ತ ಕೂತಿದ್ದರು. ಓಲಗದವರೂ ಚಪ್ಪರದ ಮೂಲೆಯಲ್ಲಿ ಕಾಲು ಚಾಚಿದ್ದರು. ಹೊತ್ತು ಹೋಗಲೆಂದು ನಾನು ಶಾಲೆ ಬಿಟ್ಟು ಊರೂರು ಅಲೆದ ಕತೆಯನ್ನು ಅವರಿಗೆ ಹೇಳಿದ್ದೆ. ಇದೊಂದು ಸಲ ನೋಡಿಬಿಡುವ, ಇಲ್ಲದಿದ್ದರೆ ಪ್ಲೇಟನ್ನು ತುಂಗೆಗೆ ಹಾಕುವ ಎಂದುಕೊಂಡು, ಸದ್ದು ಸಣ್ಣ ಮಾಡಿ ಹಚ್ಚಿದೆ.

ಓಲಗದ ಮುಖ್ಯಸ್ಥ ತಕ್ಷಣ ಎದ್ದು ಬೆರಳು ಚಾಚಿದ. ಪಕ್ಕದಲ್ಲಿದ್ದ ಮುದುಕ ಅವನ ಮುಂಗೈ ಹಿಡಿದ. "ಇರೋ. ಕೇಳುವ."

ಆ ಮುದುಕ ಶ್ರುತಿ ಊದುವವ. ಉಳಿದವರು ಯಾವ ರಾಗ ಬೇಕಾದರೂ ನುಡಿಸಲಿ, ಈತನದು ಒಂದೇ ಸ್ವರ; ಮೀಸೆ ಚಿಗುರಿದಾಗಿಂದ ಅದೊಂದನ್ನೇ ಊದಿದ ಮನುಷ್ಯ. ಕಣ್ಣು ಮುಚ್ಚಿ ಚಕ್ಕಳಮಕ್ಕಳ ಹಾಕಿ ಕೂತ. ಮುಖ್ಯಸ್ಥ ಗೊಣಗುತ್ತ ಬೀಡಿ ಸೇದಲು ಹೋದ. ಮಕ್ಕಳು ಬಂದು ನಕ್ಕು ಹೋದವು. ಮುದುಕ ಮಿಸುಕಲಿಲ್ಲ. ನಿದ್ದೆ ಹೋದನೋ ಎಂದು ನೋಡಿದರೆ ಹೆಬ್ಬೆರಳು ಮೆಲ್ಲಗೆ ಆಡುತ್ತಿತ್ತು.

ಪ್ಲೇಟು ಮುಗಿಯಿತು. ಕೊನೆತನಕ! ಮುದುಕ ಕಣ್ಣು ಬಿಟ್ಟ.

"ಹೇಗಿತ್ತು ಅಜ್ಜಾ?"

ಆತ ಎಲೆಗೆ ಸುಣ್ಣ ಹಚ್ಚತೊಡಗಿದ.

"ನುಡಿಸಿದ ಹುಡುಗ ಒಳ್ಳೇವನೇ. ಆದ್ರೆ ತಾಳ್ಮೆ ಇಲ್ಲ ಮಾರಾಯ. ಒಂದು ಸ್ವರ ಹಿಡಿದ್ನಲ್ಲ ಅಂತ ನಾನು ಖುಷಿಯಾಗಿ ಕೂರೋದ್ರೊಳಗೆ ಇನ್ನೊಂದಕ್ಕೆ ಹಾರ್ತಾನೆ. ಅವನೂ ನಿನ್ನ ಹಾಗೇ, ಶಾಲೆ ಅರ್ಧಕ್ಕೆ ಬಿಟ್ಟೋನಾ?"