ಹೊಳೆಗೆ ಬಿದ್ದ ನಕಲು ಪೂನಮ್‌ಳನ್ನು ಎಬ್ಬಿಸುವ ಬಗ್ಗೆ

ಇಂದ,
ಪೂನಮ್ ಕೋಂ ಮಹಾಲಿಂಗ ಪೂಜಾರಿ,
ವಯಸ್ಸು ಮೂವತ್ತೊಂದು,
ಉದ್ಯೋಗ: ಮನೆಗೆಲಸ ಹಾಗೂ ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು,
ರಬಕವಿ.

ಗೆ,
ಮಾನ್ಯ ಮುಖ್ಯಸ್ಥರು,
ಗುಂಪಿನ ಜನರನ್ನು ಕಂಪ್ಯೂಟರಿನಲ್ಲಿ ತಯಾರಿಸುವ ವಿಭಾಗ,
ಸಪ್ತಛಾಯಾ ಚಿತ್ರ ಸಂಸ್ಥೆ, ಬೆಂಗಳೂರು.

ವಿಷಯ: ಸಿನಿಮಾದ ಪ್ರವಾಹದಲ್ಲಿ ಕೊಚ್ಚಿಹೋದ ಅರ್ಜಿದಾರಳ ನಕಲನ್ನು ಜೀವಂತವಾಗಿ ದಡಕ್ಕೆ ತರುವ ಕುರಿತು.

ಉಲ್ಲೇಖ: ೧. ಕಳೆದ ಡಿಸೆಂಬರದಲ್ಲಿ ಜಮಖಂಡಿಯಲ್ಲಿ ತಮ್ಮ ಸಂಸ್ಥೆಯವರು ಅರ್ಜಿದಾರಳ ನಕಲು ತೆಗೆದದ್ದು.
೨. ಅಂದು ಸಹಿ ಪಡೆದ ಹತ್ತು ಪುಟದ ಕಾಗದ (ಓದಲು ಮೂರು ನಿಮಿಷ ಕೊಡಲಾಗಿತ್ತು).
೩. ಮಗಳ ಮೌಖಿಕ ಪ್ರಶ್ನೆ, ದಿನಕ್ಕೆ ಸುಮಾರು ಹದಿನೈದು ಸಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಆಕೆ ಬದುಕಿದ್ದಾಳೆ. ಈ ಅರ್ಜಿ ಬರೆಯುವ ಹೊತ್ತಿಗೆ ಒಲೆಯ ಮೇಲೆ ಬೇಳೆ ಇಟ್ಟಿದ್ದಾಳೆ, ಎರಡು ಸೀಟಿ ಆಗಿದೆ. ಇಷ್ಟನ್ನು ಮೊದಲೇ ದಾಖಲಿಸಲು ಕಾರಣ, ಆಕೆಯ ಮಗಳು ಭಾಗ್ಯಶ್ರೀ, ವಯಸ್ಸು ಐದೂವರೆ, ಇದನ್ನು ಪೂರ್ತಿಯಾಗಿ ಒಪ್ಪುತ್ತಿಲ್ಲ. ಪ್ರಕರಣದ ವಿವರ ಕೆಳಗಿನಂತಿದೆ.

೧. ಸಿನಿಮಾಕ್ಕೆ ಜನ ಬೇಕೆಂದು ತಮ್ಮ ಸಂಸ್ಥೆಯವರು ತಿಳಿಸಿದ್ದರಿಂದ, ಓಣಿಯ ಇಪ್ಪತ್ತೆರಡು ಹೆಣ್ಣುಮಕ್ಕಳು ಎರಡು ಟಂಟಂ ಗಾಡಿ ಮಾಡಿಕೊಂಡು ಜಮಖಂಡಿಗೆ ಹೋದರು. ಹೀರೋ ಇರುತ್ತಾನೆಂದು ನೆರೆಮನೆಯ ಕೆಂಪವ್ವ ಮೂಗುತಿ ಬದಲಿಸಿಕೊಂಡಿದ್ದಳು. ಹೀರೋ ಇರಲಿಲ್ಲ. ಕಲ್ಯಾಣ ಮಂಟಪದ ನಡುವೆ ರಾಶಿ ಮಾಡುವ ಕಣದ ಹಾಗೆ ದುಂಡಗೆ ಜಾಗ ಬಿಟ್ಟು ಸುತ್ತಲೂ ಎಂಬತ್ತು ಕ್ಯಾಮೆರಾ ನಿಲ್ಲಿಸಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ, ಕನ್ನಡಕದ ಹೆಣ್ಣುಮಗಳೊಬ್ಬಳು ಹೇಳಿದಂತೆ ಮಾಡಬೇಕಿತ್ತು. ಅರ್ಜಿದಾರಳು ನಕ್ಕಳು, ಅತ್ತಳು, ಓಡಿದಳು, ಚಪ್ಪಾಳೆ ತಟ್ಟಿದಳು, ಹೂ ಎರಚಿದಳು, ಧಿಕ್ಕಾರ ಕೂಗಿದಳು, ಎದೆ ಬಡಿದುಕೊಂಡಳು, ಕುಳಿತು ಉಂಡಂತೆ ಮಾಡಿದಳು. ಮುಂದೆ ಬಂದ ಆದೇಶ ಕಷ್ಟದ್ದಾಗಿತ್ತು.

"ಅಮ್ಮಾ, ಈಗ ಭಯಪಡಿ."

"ಯಾಕ್ರಿ?"

"ಸುಮ್ಮನೆ. ದೊಡ್ಡದೇನೋ ನಿಮ್ಮ ಕಡೆಗೆ ಬರ್ತಾ ಇದೆ ಅಂದ್ಕೊಳ್ಳಿ."

ಅರ್ಜಿದಾರಳಿಗೆ ಏನೂ ತೋಚಲಿಲ್ಲ. ಆಗ ಸಾಲಿನಲ್ಲಿ ನಿಂತಿದ್ದ ಕೆಂಪವ್ವ ಕೂಗಿದಳು: "ಏ ಪೂನಮ್, ಮುಂಜಾನಿ ಎದ್ದು ಬಾಗಲಾ ತಗದ್ರ ನಿಮ್ಮತ್ತಿ ತಂಗಿ ಗಂಟು ಹೊತಗೊಂಡು ನಿಂತಾಳಂತ ತಿಳ್ಕೊ ಬೇ! ತಿಂಗಳಾನಗಟ್ಲೆ ಇರಾಕ ಬಂದಾಳ!"

ಭಯ ಒಂದೇ ಸಲಕ್ಕೆ ಪಾಸಾಯಿತು. (ಈ ಸಂಗತಿಯನ್ನು ಅತ್ತೆಯವರಿಗೆ ತಿಳಿಸಿರುವುದಿಲ್ಲ. ತಾವೂ ತಿಳಿಸಬಾರದು.) ಕೊನೆಯದಾಗಿ ಗಾದಿಯ ಮೇಲೆ ಬೀಳಿಸಿದರು. ಊಟ ಹಾಗೂ ಒಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದರು.

೨. ಸಹಿ ಮಾಡಿದ ಕಾಗದದಲ್ಲಿ ಸದರಿ ನಕಲನ್ನು "ಭೂಮಿಯ ಮೇಲೂ ಇನ್ನಿತರ ಎಲ್ಲ ಲೋಕಗಳಲ್ಲೂ ಎಂದೆಂದಿಗೂ" ಬಳಸಬಹುದೆಂದು ಇತ್ತಂತೆ. ಅದನ್ನು ಆಮೇಲೆ ಮನೆಯಲ್ಲಿ ಗಂಡ ಮಹಾಲಿಂಗ ಓದಿ ಹೇಳಿದರು. ಅತ್ತೆ ಸಿದ್ದಕ್ಕನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಮದುವಿ ಆದ್ರೂ ಏಳ ಜನ್ಮಕ್ಕ ಮುಗೀತೈತಿ. ಇದು ಮುಗ್ಯಂಗ ಕಾಣಂಗಿಲ್ಲಲ್ಲ!" ಎಂದರು.

೩. ಗುಂಪಿನಲ್ಲಿ ಹಾಕುವಾಗ ತಮ್ಮ ಸಂಸ್ಥೆಯವರು ನಕಲಿನ ಮುಖ ಬದಲಿಸುತ್ತಾರೆ, ಎತ್ತರ ಹೆಚ್ಚುಕಡಿಮೆ ಮಾಡುತ್ತಾರೆ, ಒಮ್ಮೆ ಹಲ್ಲು ಕೂಡ ನೆಟ್ಟಗೆ ಮಾಡಿದ್ದಾರೆ, ಸೀರೆ ಮಾತ್ರ ಹಾಗೇ ಬಿಡುತ್ತಾರೆ. ಅದಕ್ಕೆ ಆಕ್ಷೇಪವಿಲ್ಲ. ಆದರೆ ಮಾನ್ಯರ ಗಮನಕ್ಕೆ ತರುವುದೇನೆಂದರೆ, ರಬಕವಿಯಲ್ಲಿ ಹೆಣ್ಣುಮಕ್ಕಳ ಗುರುತು ಹಿಡಿಯುವುದು ಮುಖದಿಂದಲ್ಲ. ಯಾರೇ ಎದುರು ಬಂದರೂ ಮೊದಲು ಸೆರಗು ನೋಡುತ್ತಾರೆ, ಆಮೇಲೆ ಅಂಚಿನ ದಡಿ, ಪುರುಸೊತ್ತಿದ್ದರೆ ಮುಖ.

ಅರ್ಜಿದಾರಳು ಅಂದು ಉಟ್ಟ ಸೀರೆ ಮಹಾಲಿಂಗ ತಾವೇ ನೇಯ್ದದ್ದು. ಸೆರಗಿನ ಕೊನೆಯ ಮೊಳ ನೇಯುತ್ತಿರುವಾಗ ದವಾಖಾನೆಯಿಂದ ಹೆಣ್ಣು ಹುಟ್ಟಿತೆಂದು ಫೋನು ಬಂತು. ಖುಷಿಯಲ್ಲಿ ಕೆಂಪು ನೂಲಿನ ಲಾಳಿಯ ಬದಲು ಹಸಿರು ನೂಲಿನ ಲಾಳಿ ಕೈಗೆ ಬಂತು. ಎರಡು ಬೆರಳು ಅಗಲ ನೇಯ್ದ ಮೇಲೆ ಎಚ್ಚರವಾಯಿತು. ಸೀರೆ ತೆಗೆದುಕೊಳ್ಳುವ ಸಾವುಕಾರ ಶಂಕರೆಪ್ಪನವರು ಮಡಿಕೆ ಬಿಚ್ಚಿ ನೋಡಿದರು.

"ಇದೇನೋ ಮಹಾಲಿಂಗ, ಕೆಂಪು ಸೆರಗಿನ್ಯಾಗ ಹಸರು ಹುಳ ಹರದಂಗ ಆಗೇತಿ?"

"ಹೆಣ್ಣ ಹುಟ್ಟೇತ್ರಿ ಸಾವಕಾರ್ರ."

"ಛಲೋ ಆತು. ಹಡದಾಕಿಗೇ ಉಡಸು, ಇದು ಮಾರಾಕ ಬರಂಗಿಲ್ಲ."

ಈ ಕಾರಣದಿಂದ ಅಂಥ ಸೀರೆ ಜಗತ್ತಿನಲ್ಲಿ ಒಂದೇ ಒಂದು ಇತ್ತು. ಮಗು ಆ ಹಸಿರು ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆ ಮಾಡಿ ದೊಡ್ಡದಾಗಿದೆ. ತಮ್ಮ ಸಂಸ್ಥೆಯ ದಯೆಯಿಂದ ಈಗ ಅಂಥ ಸೀರೆ ಎಷ್ಟಿವೆಯೋ ತಿಳಿಯದು.

(ಬೇಳೆ ಇಳಿಸಿ, ಒಗ್ಗರಣೆ ಕೊಟ್ಟು ಅರ್ಜಿ ಮುಂದುವರಿಸಲಾಗಿದೆ.)

೪. ಫೆಬ್ರುವರಿಯಿಂದೀಚೆಗೆ ಓಣಿಯವರು ಅರ್ಜಿದಾರಳ ನಕಲನ್ನು ಈ ಕೆಳಗಿನ ಸ್ಥಳಗಳಲ್ಲಿ ಕಂಡಿದ್ದಾರೆ: ಒಬ್ಬ ರಾಜನ ಮೆರವಣಿಗೆಯಲ್ಲಿ ಹೂ ಎರಚುತ್ತ, ನಗರಸಭೆಯೊಂದರ ವಿರುದ್ಧ ಧಿಕ್ಕಾರ ಕೂಗುತ್ತ, ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ, ಮೇಲೆ ಹೇಳಿದ ಹಲ್ಲಿನ ಸಮೇತ, ಮತ್ತು ಕ್ರಿಕೆಟ್ ಮೈದಾನದ ಒಂದೇ ಸಾಲಿನಲ್ಲಿ ಐದು ಜನ ಪೂನಮ್. ಐವರೂ ಕೂಡಿಯೇ ಎದೆ ಬಡಿದುಕೊಂಡರಂತೆ. ಇದನ್ನು ನೋಡಿ ಮಹಾಲಿಂಗ, "ಐದ ಮಂದಿ ಅದಾರಲ್ಲ, ಒಬ್ಬಾಕೀನರೆ ಮನಿಗಿ ಕಳಸ್ರಿ ಅನ್ನು. ಕಂಡಿಕಿ ಸುತ್ತಾಕ ಆಗ್ತಾಳ" ಎಂದರು.

ಒಂದು ಧಾರಾವಾಹಿಯಿಂದ ಮಾತ್ರ ಸ್ವಲ್ಪ ತೊಂದರೆಯಾಯಿತು.

"ಮುಧೋಳದಾಗ ನನ್ನ ತಮ್ಮನ ಮಗನ ಮದುವಿಗಿ ಬಾ ಅಂದ್ರ ಸೊಂಟಾ ಹಿಡದೈತಿ ಅಂದಿ," ಎಂದರು ಅತ್ತೆಯವರು, ಟಿವಿಯ ಕಡೆ ಬೆರಳು ಮಾಡಿ. "ಇಲ್ನೋಡಿದ್ರ ಗುರ್ತ ಪರಿಚಯ ಇಲ್ಲದಾರ ಮದುವ್ಯಾಗ ಎರಡನೇ ಪಂಕ್ತಿಗೆ ಕುಂತಿ!"

"ಅತ್ತಿ, ಅದು ಕಂಪ್ಯೂಟರ್ ರೀ."

"ಕಂಪ್ಯೂಟರ್ ಹೋಳಿಗಿ ತಿಂತೈತೇನ?"

ಇಷ್ಟಾದರೂ ಅರ್ಜಿದಾರಳ ಕಡೆಯಿಂದ ತಕರಾರು ಇರಲಿಲ್ಲ. ಖರೆ ಹೇಳಬೇಕೆಂದರೆ ಒಳಗೊಳಗೆ ಖುಷಿಯೇ ಇತ್ತು. ಬೀಳಗಿ ದಾಟಿ ಆಚೆಗೆ ಬಸ್ಸು ಹತ್ತಿದವಳಲ್ಲ. ಸೀರೆಯಾದರೂ ಅರಮನೆ ನೋಡಿಕೊಂಡು ಬರಲಿ ಎಂದುಕೊಂಡಿದ್ದಳು.

೫. ಹೀಗಿರುವಾಗ ಏಪ್ರಿಲ್ ಕೊನೆಯ ರವಿವಾರ ಕೆಂಪವ್ವನ ಮನೆಯ ದೊಡ್ಡ ಟಿವಿಯಲ್ಲಿ ತಮ್ಮ ಸಂಸ್ಥೆ ಕೆಲಸ ಮಾಡಿದ ಹೊಸ ಸಿನಿಮಾ ಹಾಕಿದರು. ಅರ್ಜಿದಾರಳು ರೊಟ್ಟಿ ಬಡಿಯುತ್ತ ಮನೆಯಲ್ಲಿದ್ದಳು. ಮಗುವನ್ನು ಒಬ್ಬಳನ್ನೇ ಕಳಿಸಿದ್ದು ಆಕೆಯದೇ ತಪ್ಪು. ಅದನ್ನು ಇಲ್ಲಿ ಒಪ್ಪಿಕೊಳ್ಳಲಾಗಿದೆ. ಸಿನಿಮಾದಲ್ಲಿ ಅಣೆಕಟ್ಟು ಒಡೆಯಿತು. ದಡದ ಜನ ಓಡಿದರು. ಹಸಿರು ಪಟ್ಟಿಯ ಸೆರಗಿನ ಹೆಣ್ಣುಮಗಳೊಬ್ಬಳು ತಿರುಗಿ ನೋಡಿ, ಅಂಜಿ, ಬಿದ್ದಳು. ನೀರು ಮೇಲೆ ಹರಿದುಹೋಯಿತು. ಒಟ್ಟು ಹನ್ನೊಂದು ಸೆಕೆಂಡು. ನೀರೂ ಕಂಪ್ಯೂಟರಿನದು, ಹೆಣ್ಣುಮಗಳೂ ಕಂಪ್ಯೂಟರಿನವಳು. ಚೀರಿಕೊಂಡು ಬರಿಗಾಲಲ್ಲಿ ಮನೆಗೆ ಓಡಿಬಂದ ಮಗು ಮಾತ್ರ ನಮ್ಮದು.

೬. ಅಂದಿನಿಂದ ಇಂದಿಗೆ ಇಪ್ಪತ್ತೆರಡು ದಿನ. ಮಗು ಅರ್ಜಿದಾರಳ ಸೆರಗು ಬಿಟ್ಟಿಲ್ಲ. ಆಕೆ ನೀರಿಗೆ ಹೋದರೆ ಜೊತೆಗೆ, ಹಿಟ್ಟಿನ ಗಿರಣಿಗೆ ಹೋದರೆ ಜೊತೆಗೆ, ಸ್ನಾನಕ್ಕೆ ಹೋದರೆ ಬಾಗಿಲ ಕೆಳಗಿನ ಸಂದಿಯಿಂದ ಸೆರಗಿನ ತುದಿ ಹೊರಗೆ ಕೊಡಬೇಕು. ಜೂನ್ ತಿಂಗಳಲ್ಲಿ ಶಾಲೆಯ ಒಂದನೇ ಇಯತ್ತೆಗೆ ಹೆಸರು ಹಚ್ಚಬೇಕಾಗಿದೆ. ಸಾಲಿ ಎಂಬ ಮಾತು ತೆಗೆದರೆ ಮಗು ಸೆರಗನ್ನು ಇನ್ನಷ್ಟು ಬಿಗಿಹಿಡಿಯುತ್ತಿದೆ. ತಾನು ಸಾಲಿಯಲ್ಲಿ ಕುಳಿತಾಗ ನೀರು ಬಂದರೆ ಅವ್ವನನ್ನು ಹಿಡಿದುಕೊಳ್ಳುವವರು ಯಾರು ಎಂಬುದು ಆಕೆಯ ವಾದ. ಸಮಾಧಾನದ ಪ್ರಯತ್ನಗಳು ನಡೆದಿವೆ. ಮಾದರಿಗೆ ಒಂದು:

"ಅಕಿ ನಾ ಅಲ್ಲ ನನ್ನ ಬಂಗಾರ. ಮುಖಾ ಬ್ಯಾರೆ ಇತ್ತಿಲ್ಲ?"

"ಮುಖಾ ಬ್ಯಾರೆ. ಸೀರಿ ನಿಂದ."

"ಸೀರಿ ಇಲ್ಲೇ ಐತಲ್ಲ. ನೀನ ಹಿಡಕೊಂಡಿ ನೋಡು."

ಮಗು ಕೈಯೊಳಗಿನ ಸೆರಗನ್ನು ಒಮ್ಮೆ ನೋಡಿತು. "ಹಂಗಾರ ಅಕಿ ಆಮ್ಯಾಲ ಎಲ್ಲಿ ಹ್ವಾದ್ಲು?"

ಬೇವಿನ ಟೊಂಗೆ ಹಿಡಿದು ದಡಕ್ಕೆ ಬಂದಳು ಎಂದು ಅರ್ಜಿದಾರಳು ಹೇಳಿದ್ದಾಳೆ. ಬೀರೇಶ್ವರ ದೇವರೇ ಕೈಕೊಟ್ಟು ಎತ್ತಿದ ಎಂದು ಅತ್ತೆಯವರು ಹೇಳಿದ್ದಾರೆ. ಸಿನಿಮಾದವರು ಹಗ್ಗ ಎಸೆದರು ಎಂದು ಮಹಾಲಿಂಗ ಹೇಳಿದ್ದಾರೆ. ಮೂವರೂ ಮೊದಲೇ ಕುಳಿತು ಮಾತಾಡಿಕೊಳ್ಳದಿದ್ದುದರಿಂದ ಮಗುವಿಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ. "ಟಿವ್ಯಾಗ ತೋರಸು" ಎಂದು ಪಟ್ಟು ಹಿಡಿದಿದೆ. ಆದ್ದರಿಂದ ಅರ್ಜಿದಾರಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸದರಿ ಸಿನಿಮಾದ ಉಳಿದ ಒಂದು ತಾಸು ನಾಲ್ಕು ನಿಮಿಷವನ್ನು ಕಣ್ಣು ಪಿಳುಕಿಸದೆ ನೋಡಿದಳು. ಆ ಹೆಣ್ಣುಮಗಳು ಮತ್ತೆ ಬರಲಿಲ್ಲ. ಹೀರೋ ಮರುಭೂಮಿಗೆ ಹೋಗಿ ಹಾಡಿದ.

೭. ಈ ಕಾರಣದಿಂದ ಅರ್ಜಿದಾರಳು ತಮ್ಮ ಸಂಸ್ಥೆಗೆ ಫೋನು ಮಾಡಿದಳು. ಐದನೆಯ ಸಲಕ್ಕೆ ಕನ್ನಡಕದ ಹೆಣ್ಣುಮಗಳೇ ಸಿಕ್ಕಳು. ಆಕೆ ಒಳ್ಳೆಯವಳು, ಗುರುತು ಹಿಡಿದಳು. ಸಿಂಹವನ್ನು ಹಾರಿಸುತ್ತೀರಿ, ಸತ್ತವರ ಕೈಲಿ ಮಾತಾಡಿಸುತ್ತೀರಿ, ಒಬ್ಬ ಹೆಣ್ಣುಮಗಳನ್ನು ನೀರಿನಿಂದ ಎಬ್ಬಿಸಿ ಫೋನಿಗೆ ಕಳಿಸಲು ಆಗುವುದಿಲ್ಲವೇ ಎಂದು ಅರ್ಜಿದಾರಳು ಕೇಳಿದಳು. ಆ ಕಡೆಯಿಂದ ಬಹಳ ಹೊತ್ತು ಕಂಪ್ಯೂಟರಿನ ಟಕಟಕ ಸದ್ದು ಬಂತು.

"ಅಮ್ಮಾ, ನಿಮ್ಮ ಫೈಲಲ್ಲಿ ನಗೋದಿದೆ, ಅಳೋದಿದೆ, ಓಡೋದಿದೆ, ಬೀಳೋದಿದೆ. ಏಳೋದಿಲ್ಲ."

"ಏಳೂದ ಇಲ್ಲಂದ್ರ?"

"ಅವತ್ತು ತೆಗೆದಿಲ್ಲ. ಗುಂಪಿನವರು ಬಿದ್ದರೆ ಸಾಕು ಅಮ್ಮಾ. ಎದ್ದದ್ದು ಯಾವ ಸಿನಿಮಾಕ್ಕೂ ಬೇಕಾಗಲ್ಲ."

"ಬ್ಯಾರೆ ಯಾರದರ ಏಳೂದು ಹಚ್ರಿ."

"ಹಚ್ಚಿ ನೋಡಿದೆ ಅಮ್ಮಾ, ಈಗಲೇ. ನಿಮ್ಮ ಥರ ಕಾಣಲ್ಲ. ಸೆರಗು ಸರಿಯಾಗಿ ಬೀಳ್ತಿಲ್ಲ. ಮಗು ಒಪ್ಪಲ್ಲ." ಕೊನೆಗೆ, "ಮೇಲಿನವರಿಗೆ ಒಂದು ಅರ್ಜಿ ಕೊಡಿ, ನಾನೂ ಹೇಳ್ತೀನಿ" ಎಂದಳು.

ಈ ಅರ್ಜಿಗೆ ಇದೇ ಕಾರಣ.

ಆದ್ದರಿಂದ ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಅರ್ಜಿದಾರಳನ್ನು ಮತ್ತೊಮ್ಮೆ ಕ್ಯಾಮೆರಾಗಳ ನಡುವೆ ನಿಲ್ಲಿಸಿ, ಆಕೆ ಬಿದ್ದಲ್ಲಿಂದ ಏಳುವುದನ್ನು, ಸೆರಗು ಹಿಂಡಿಕೊಳ್ಳುವುದನ್ನು ಮತ್ತು ಮನೆಯ ಕಡೆಗೆ ನಡೆಯುವುದನ್ನು ನಕಲು ಮಾಡಿಕೊಳ್ಳಬೇಕು. ಅದನ್ನು ಸದರಿ ಹನ್ನೊಂದು ಸೆಕೆಂಡಿನ ಮುಂದೆ ಜೋಡಿಸಿ ಅರ್ಜಿದಾರಳ ಫೋನಿಗೆ ಕಳಿಸಬೇಕು. ಸಿನಿಮಾದಲ್ಲಿ ಸೇರಿಸುವ ಅಗತ್ಯವಿಲ್ಲ. ಹೀರೋನ ಹಾಡಿಗೆ ಧಕ್ಕೆ ಬರುವುದು ಬೇಡ. ಅರ್ಜಿದಾರಳಿಗೆ ಏಳುವ ಅನುಭವ ಸಾಕಷ್ಟಿದೆ: ದಿನಾ ಮುಂಜಾನೆ ಐದಕ್ಕೆ, ಹಬ್ಬವಿದ್ದರೆ ನಾಲ್ಕಕ್ಕೆ, ಜ್ವರವಿದ್ದರೂ. ತಾಲೀಮು ಬೇಕಾಗುವುದಿಲ್ಲ. ಪ್ರತಿಫಲ ಬೇಡ. ಮತ್ತೆ ಡಬ್ಬಿ ಕೊಡುವುದಿದ್ದರೆ ಮುಚ್ಚಳ ಕೂಡುವಂಥದ್ದು ಕೊಡಬೇಕು.

ಮಗು ನೋಡಿದ ಹೊರತು ನಂಬುವುದಿಲ್ಲವಾದ್ದರಿಂದ ಆಕೆಯನ್ನೂ ಕರೆತರಲಾಗುವುದು. ಆದರೆ ಮಗುವಿನ ನಕಲನ್ನು ಈ ಲೋಕಕ್ಕಾಗಲಿ ಇನ್ನಿತರ ಲೋಕಗಳಿಗಾಗಲಿ ತೆಗೆಯತಕ್ಕದ್ದಲ್ಲ. ಈ ಒಂದು ವಿಷಯದಲ್ಲಿ ಅರ್ಜಿದಾರಳು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಮೂರು ನಿಮಿಷ ಕೊಟ್ಟರೂ ಮೂರು ವರ್ಷ ಕೊಟ್ಟರೂ.

ಸಾಲಿ ಶುರುವಾಗುವ ಮೊದಲು ಕ್ರಮ ಕೈಗೊಂಡರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ ಹಾಗೂ ಸದ್ಯ ದಡದ ಮೇಲೆಯೇ ಇರುವ,
ಪೂನಮ್ ಮ. ಪೂಜಾರಿ

ಸ್ಥಳ: ರಬಕವಿ, ಅಡುಗೆಮನೆ

ಲಗತ್ತುಗಳು:
೧. ಸೆರಗಿನ ಫೋಟೋ, ಹಸಿರು ಪಟ್ಟಿ ಕಾಣುವಂತೆ.
೨. ಆಧಾರ್ ಕಾರ್ಡಿನ ಪ್ರತಿ. (ಇದರಲ್ಲಿರುವ ಮುಖವೂ ಅರ್ಜಿದಾರಳದೆಂದು ಮನೆಯವರು ಒಪ್ಪುವುದಿಲ್ಲ. ಸರ್ಕಾರ ಒಪ್ಪಿದೆ.)
೩. ಮಗು ಬರೆದ ಚಿತ್ರ, ಒಂದು. ಅವ್ವ, ಮನೆ, ಆಡು ಇವೆ. ಹೊಳೆ ಬರೆಯಲು ಮಗು ಒಪ್ಪಲಿಲ್ಲ.
೪. ಮದುವೆಯ ಎರಡನೇ ಪಂಕ್ತಿಯ ಬಗ್ಗೆ ಸಿದ್ದಕ್ಕನವರ ದೂರು. ಇದನ್ನು ಬೇರೆಯಾಗಿ ಪರಿಗಣಿಸಬೇಕು, ಅಥವಾ ಪರಿಗಣಿಸದಿದ್ದರೂ ನಡೆಯುತ್ತದೆ.

ವಿಶೇಷ ಸೂಚನೆ: ನಕಲು ತೆಗೆಯುವ ಹೊತ್ತಿಗೆ ಮಗು ಕ್ಯಾಮೆರಾಗಳ ಆಚೆಗೆ, ಕಾಣದಂತೆ ಕೂರುತ್ತದೆ. ಆದರೆ ಸೆರಗು ಬಿಡಲು ಒಪ್ಪಿಲ್ಲ. ಸೀರೆ ಉದ್ದವಿದೆ, ಅಲ್ಲಿಯವರೆಗೆ ಮುಟ್ಟುತ್ತದೆ. ಹೀಗಾಗಿ ನೀರಿನಿಂದ ಏಳುವ ಹೆಣ್ಣುಮಗಳ ಸೆರಗು ನೆಟ್ಟಗೆ ಬಿಗಿದುಕೊಂಡು, ಚಿತ್ರದ ಹೊರಗಿನಿಂದ ಯಾರೋ ಜಗ್ಗುತ್ತಿರುವಂತೆ ಕಾಣುತ್ತದೆ. ಅದು ದೋಷವಲ್ಲ. ದಯವಿಟ್ಟು ಸರಿಪಡಿಸಬಾರದು.