ಊರಿಗೆ ಬೇಕಾದ ಎಡಗಾಲು

ತಾನು ಯಾವುದರಿಂದ ಹೆಸರುವಾಸಿಯಾಗಬೇಕು ಎಂದು ಆರಿಸಿಕೊಳ್ಳುವ ಅಧಿಕಾರ ಮನುಷ್ಯನಿಗೆ ಇಲ್ಲ. ಇದ್ದಿದ್ದರೆ ನಾನು ನಾಲಿಗೆಯನ್ನು ಆರಿಸಿಕೊಳ್ಳುತ್ತಿದ್ದೆ. ಮಂಗಳೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಅದನ್ನೇ ಮಸೆದವನು ನಾನು. ಚರ್ಚಾಸಂಘದಲ್ಲಿ ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಎದುರಾಳಿಯ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಅವನು ಕುರ್ಚಿಯಿಂದ ಏಳುವ ಮೊದಲೇ ನನಗೆ ವಾಸನೆ ಹೊಡೆಯುತ್ತಿತ್ತು. ಕೊನೆಯ ವರ್ಷ ಬೆಳ್ಳಿಯ ಬಣ್ಣದ ಒಂದು ಕಪ್ಪನ್ನೂ ಗೆದ್ದೆ. ಅದನ್ನು ಕಂಕುಳಲ್ಲಿ ಇರುಕಿಕೊಂಡು ಕುಂಬ್ಡಾಜೆಗೆ ಮರಳಿ, ಊರಿನ ಶಾಲೆಯಲ್ಲಿ ಮಾಸ್ತರನಾದೆ. ಇನ್ನು ಈ ಗುಡ್ಡಗಳ ನಡುವೆ ವಿಚಾರದ ಬೆಳಕು ಹರಿಸುವುದೊಂದೇ ಬಾಕಿ ಎಂದುಕೊಂಡಿದ್ದೆ. ಊರು ನನ್ನನ್ನು ಸಂತೋಷದಿಂದಲೇ ಬರಮಾಡಿಕೊಂಡಿತು. ಆದರೆ ಅದಕ್ಕೆ ಬೇಕಾಗಿದ್ದದ್ದು ನನ್ನ ನಾಲಿಗೆಯಲ್ಲ, ಎಡಗಾಲು.

ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರ ಕಾಲಿನಲ್ಲಿ ಬೆನ್ನು, ಸೊಂಟಗಳ ಉಳುಕು ತೆಗೆಯುವ ಗುಣ ಇರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಹಾಗೆ ಹುಟ್ಟಿದವನು ಎಂದು ಅಮ್ಮ ಊರಿಗೆಲ್ಲ ಹೇಳಿಟ್ಟಿದ್ದಾಳೆ. ನನಗೆ ನಡೆಯಲು ಬಂದಂದಿನಿಂದ, ರಜೆಯಲ್ಲಿ ಊರಿಗೆ ಬಂದಾಗಲೂ, ಈಗ ಮಾಸ್ತರನಾದ ಮೇಲೆ ದಿನವೂ, ಬೆಳಗ್ಗೆ ಸೂರ್ಯ ಏಳುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಇಬ್ಬರೋ ಮೂವರೋ ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಾರೆ. ರೋಗಿ ಬರಿಹೊಟ್ಟೆಯಲ್ಲಿ ಬರಬೇಕು, ಮೂಡು ದಿಕ್ಕಿಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂರಬೇಕು. ನಾನು ಹಿಂದೆ ಜಗಲಿಯಲ್ಲಿ ನಿಂತು ಎಡಗಾಲಿನಿಂದ ನೋವಿದ್ದಲ್ಲಿಗೆ ಮೂರು ಸಲ ಒದೆಯಬೇಕು. ಆಮೇಲೆ ಅಮ್ಮ ಕೊಡುವ ಎಣ್ಣೆಯನ್ನು ತಿಕ್ಕಿಕೊಂಡು ಅವನು ಹಿಂದಿರುಗಿ ನೋಡದೆ ಹೋಗಬೇಕು. ರೋಗಿ ನನಗಿಂತ ಹಿರಿಯನಾಗಿದ್ದರೆ, ಒದ್ದ ಪಾಪಕ್ಕೆ ನಾನು ಅವನ ಕಾಲಿಗೆ ಬಿದ್ದು ನಮಸ್ಕಾರ ಮಾಡಬೇಕು. ಇಷ್ಟೆಲ್ಲ ಮುಗಿದು ರೋಗಿ ಬೇಲಿ ದಾಟುವವರೆಗೆ ಇಬ್ಬರೂ ಮಾತಾಡುವ ಹಾಗಿಲ್ಲ.

ಓದುಗರೇ, ಉಳಿದದ್ದನ್ನೆಲ್ಲ ನಾನು ಸಹಿಸುತ್ತಿದ್ದೆ. ಚರ್ಚೆಯಲ್ಲಿ ಕಪ್ಪು ಗೆದ್ದವನಿಗೆ ಮಾತಾಡಬಾರದು ಎನ್ನುವ ಕಟ್ಟಳೆ! ಅಂದಹಾಗೆ ಆ ಕಪ್ಪಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅದು ಜಗಲಿಯ ಮೂಲೆಯಲ್ಲಿದೆ. ಅಗಲ ಬಾಯಿ, ಕೈ ಹಾಕಿ ತೆಗೆಯಲು ಅನುಕೂಲ ಎಂದು ಅಮ್ಮ ಅದರಲ್ಲಿ ರೋಗಿಗಳ ಕರ್ಪೂರದೆಣ್ಣೆ ತುಂಬಿಸಿಟ್ಟಿದ್ದಾಳೆ.

ನಾನು ಸುಮ್ಮನೆ ಒದ್ದು ಬಿಟ್ಟವನಲ್ಲ. ಮುರಕಲ್ಲು ಕಡಿಯುವ ಐತಪ್ಪನಿಗೆ ತಿಂಗಳಿಗೊಮ್ಮೆಯಾದರೂ ಬೆನ್ನು ಹಿಡಿಯುತ್ತದೆ. ಒಮ್ಮೆ ಅವನನ್ನು ಮೆಟ್ಟಿಲಲ್ಲಿ ಕೂರಿಸಿ, ಒದೆಯುವ ಬದಲು ಉಪನ್ಯಾಸ ಕೊಟ್ಟೆ. ಸ್ನಾಯು ಎಂದರೇನು, ಸೆಳೆತ ಎಂದರೇನು, ವಿಶ್ರಾಂತಿ ಕೊಟ್ಟರೆ ಅದು ತಾನಾಗಿ ಮೂರು ದಿನಕ್ಕೆ ಹೇಗೆ ಸಡಿಲವಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಬೆನ್ನು ಹಿಡಿದವನು ಎರಡು ಗುಡ್ಡ ಹತ್ತಿ ಇಳಿದು ನನ್ನ ಮನೆಗೆ ಬರಬಲ್ಲ ಎಂದಾದರೆ ಅವನಿಗೆ ಬೆನ್ನು ಅಷ್ಟಾಗಿ ಹಿಡಿದಿಲ್ಲ ಎಂಬ ಇನ್ನೊಂದು ಅಂಶವನ್ನೂ ಮಂಡಿಸಿದೆ. ಐತಪ್ಪ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದ.

“ನೀವು ಒದ್ದರೆ ಎಷ್ಟು ದಿನದಲ್ಲಿ ಗುಣ ಆಗ್ತದೆ ಮಾಸ್ಟ್ರೇ?” ಎಂದ.

“ಮೂರು ದಿನ.”

“ಒದೆಯದಿದ್ದರೆ?”

“ಆಗಲೂ ಮೂರೇ ದಿನ. ಅದನ್ನೇ ಹೇಳುತ್ತಿರುವುದು.”

“ಹಾಗಾದರೆ ಒದೆಯಲಿಕ್ಕೆ ನಿಮಗೆ ಎಂತ ಕಷ್ಟ?”

ಕಾಲೇಜಿನ ಯಾವ ಎದುರಾಳಿಯೂ ನನ್ನನ್ನು ಹೀಗೆ ಮೂಲೆಗೆ ಒತ್ತಿದ್ದಿಲ್ಲ. ಒದ್ದೆ. ನಾಲ್ಕನೆಯ ದಿನ ಐತಪ್ಪ ಮತ್ತೆ ಹಾಜರು. ನಾನು ಮಧ್ಯದಲ್ಲಿ ಮಾತಾಡಿದ್ದರಿಂದ ಹೋದ ಸಲದ ಒದೆ ಹಿಡಿಯಲಿಲ್ಲವಂತೆ. ಈ ಸಲ ದಯವಿಟ್ಟು ಬಾಯಿ ಮುಚ್ಚಿಕೊಂಡು ಒದೆಯಬೇಕಂತೆ.

ಮೂಢನಂಬಿಕೆ ಒಂದೇ ಆಗಿದ್ದರೆ ಅದರ ಜೊತೆ ಒಬ್ಬನೇ ಹೊಡೆದಾಡಬಹುದಿತ್ತು. ಆದರೆ ಅದಕ್ಕೆ ನನ್ನ ಸೋದರಮಾವ ವಕಾಲತ್ತು ಹಾಕಿದ. ನಾಯ್ಮಾರ್ಮೂಲೆಯಲ್ಲಿರುವ ಮಾವ ಕೋರ್ಟಿನ ಗುಮಾಸ್ತಗಿರಿಯಿಂದ ನಿವೃತ್ತನಾದ ಮೇಲೆ ಪ್ರಕೃತಿ ಚಿಕಿತ್ಸೆಗೆ ಬಿದ್ದವನು. ಅಂಚೆಯಲ್ಲಿ ಪುಸ್ತಿಕೆಗಳನ್ನು ತರಿಸಿ ಓದುತ್ತಾನೆ, ಓದಿದ್ದನ್ನು ಅದೇ ದಿನ ಮೈಮೇಲೆ ಪ್ರಯೋಗಿಸಿಕೊಳ್ಳುತ್ತಾನೆ. ಉಪ್ಪು ಬಿಟ್ಟಿದ್ದಾನೆ, ಹುಳಿ ಬಿಟ್ಟಿದ್ದಾನೆ, ವಾರಕ್ಕೊಮ್ಮೆ ಊಟವನ್ನೇ ಬಿಡುತ್ತಾನೆ. ನಮ್ಮ ಮನೆಗೆ ಬಂದರೆ ಹೊಟ್ಟೆಯ ಮೇಲೆ ಕೆರೆಯ ಮಣ್ಣು ಮೆತ್ತಿಕೊಂಡು ಜಗಲಿಯಲ್ಲಿ ಮಲಗುತ್ತಾನೆ. ಕಳೆದ ಸಲ ಸೊಂಟಸ್ನಾನಕ್ಕೆ ತೊಟ್ಟಿ ಬೇಕೆಂದ. ನಮ್ಮಲ್ಲಿ ತೊಟ್ಟಿ ಎಲ್ಲಿಯದು? ದನಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಕೊಡುವ ಮರದ ಮರಿಗೆಯಲ್ಲಿ ತಣ್ಣೀರು ತುಂಬಿಸಿ ಅರ್ಧ ಗಂಟೆ ಕುಳಿತ. ಅಂದಿನಿಂದ ನಮ್ಮ ಕಪಿಲೆ ಆ ಮರಿಗೆಗೆ ಬಾಯಿ ಹಾಕಿಲ್ಲ. ನಮ್ಮ ಮನೆಯಲ್ಲಿ ವಿಚಾರಶಕ್ತಿ ಇರುವ ಇನ್ನೊಂದು ಪ್ರಾಣಿ ಅದು.

ಇಂಥ ಮಾವನಾದರೂ ಕಾಲಿನ ಒದೆಯನ್ನು ನಗೆಯಾಡಿಯಾನು ಎಂದುಕೊಂಡಿದ್ದೆ. ಬದಲಾಗಿ ಅವನು ಹೊಟ್ಟೆಯ ಮಣ್ಣು ಬೀಳದ ಹಾಗೆ ನಿಧಾನವಾಗಿ ಕತ್ತೆತ್ತಿ, ಅಮೆರಿಕದಲ್ಲಿ ಇದಕ್ಕೆಂದೇ ಡಾಕ್ಟರುಗಳು ಇದ್ದಾರೆ ಎಂದು ಹೇಳಿದ. ಬೆನ್ನೆಲುಬು ಎಂದರೆ ಮಣಿಗಳ ಸರವಂತೆ. ಒಂದು ಮಣಿ ಜಾರಿದರೂ ನರ ಒತ್ತಿ ಸಕಲ ರೋಗಗಳೂ ಬರುತ್ತವಂತೆ. ಸರಿಯಾದ ಜಾಗಕ್ಕೆ ಸರಿಯಾದ ಪೆಟ್ಟು ಬಿದ್ದರೆ ಮಣಿ ಟಕ್ಕೆಂದು ಸ್ವಸ್ಥಾನಕ್ಕೆ ಹೋಗುತ್ತದಂತೆ. ಅವರು ಕೈಯಲ್ಲಿ ಮಾಡುತ್ತಾರೆ, ನಮ್ಮ ಹಿರಿಯರು ಕಾಲಿನಲ್ಲಿ ಮಾಡಿದರು, ಅಷ್ಟೇ ವ್ಯತ್ಯಾಸ. ಹಾಗಾದರೆ ಯಾರ ಕಾಲಾದರೂ ಆಗಬೇಕಲ್ಲ, ಕಾಲು ಮುಂದಾಗಿ ಹುಟ್ಟಿದವನೇ ಯಾಕೆ ಬೇಕು ಎಂದು ಕೇಳಿದೆ. ಮಾವ ಮರಳಿ ಮಲಗಿ, ಆ ಭಾಗದ ಪುಸ್ತಿಕೆ ಇನ್ನೂ ಅಂಚೆಯಲ್ಲಿ ಬಂದಿಲ್ಲ ಎಂದ.

ಇದರ ಮೇಲೆ ಬಂದವರು ಹೆಡ್‌ಮಾಸ್ಟ್ರು. ಅವರು ನನ್ನ ಶಾಲೆಯ ಹೆಡ್‌ಮಾಸ್ಟ್ರು ಮಾತ್ರವಲ್ಲ, ನನ್ನ ಅಕ್ಕ ಗಿರಿಜೆಯ ಗಂಡನ ತಂದೆ, ಅಂದರೆ ಅವಳ ಮಾವನೂ ಹೌದು. ಒಂದು ಬೆಳಗ್ಗೆ ಮಫ್ಲರು ಸುತ್ತಿಕೊಂಡು, ಬಗ್ಗಿದ ಸೊಂಟದಲ್ಲಿ ಒಂದೂವರೆ ಮೈಲು ನಡೆದು ಬಂದು ನಮ್ಮ ಮೆಟ್ಟಿಲಲ್ಲಿ ಕುಳಿತರು. ಹೆಡ್‌ಮಾಸ್ಟರಿಗೆ ಒದೆಯಬೇಕೆಂಬ ಆಸೆ ಯಾವ ಮಾಸ್ತರನಿಗೆ ತಾನೆ ಇರುವುದಿಲ್ಲ? ನನಗೂ ಇತ್ತು. ಆದರೆ ಅವರೇ ಬಂದು ಬೆನ್ನು ಕೊಟ್ಟು ಕುಳಿತಾಗ ಆ ಆಸೆ ಇಳಿದುಹೋಯಿತು. ಮೂರು ಒದ್ದೆ, ಅಡ್ಡಬಿದ್ದೆ. ಅವರು ಮಾತಿಲ್ಲದೆ ಕೈಯೆತ್ತಿ ಆಶೀರ್ವದಿಸಿ ಹೋದರು. ಹತ್ತು ಗಂಟೆಗೆ ಶಾಲೆಯಲ್ಲಿ, ಐದು ನಿಮಿಷ ತಡವಾಗಿ ಬಂದದ್ದಕ್ಕೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ನನ್ನನ್ನು ಕೇಳಿದರು. ನಾನು ಬರೆಯಲಿ ಏನು?

ಸಾಕಾಗಿಹೋಯಿತು. ನಮ್ಮ ವಾಚನಾಲಯದಲ್ಲಿ ವರ್ಷಕ್ಕೊಂದು ಚರ್ಚೆ ನಡೆಯುತ್ತದೆ. ಈ ಸಲದ ವಿಷಯವನ್ನು ನಾನೇ ಹಟ ಹಿಡಿದು ಹಾಕಿಸಿದೆ: ‘ಉಳುಕಿನ ನಾಟಿ ಚಿಕಿತ್ಸೆ ಬರೀ ಮೂಢನಂಬಿಕೆ.’ ಪರವಾಗಿ ನಾನು, ವಿರೋಧವಾಗಿ ಮಾವ, ಅಧ್ಯಕ್ಷರು ಹೆಡ್‌ಮಾಸ್ಟ್ರು. ಇಡೀ ಊರು ಸೇರುವ ಸಭೆ. ಅಲ್ಲಿ ಗೆದ್ದರೆ ಮರುದಿನದಿಂದ ನನ್ನ ಬೆಳಗು ನನ್ನದು, ನನ್ನ ಕಾಲು ನನ್ನದು. ಸೋತರೆ ಸಾಯುವವರೆಗೂ ಜಗಲಿಯಲ್ಲಿ ಒಂಟಿಕಾಲಲ್ಲಿ ನಿಂತಿರುವುದೇ ಗತಿ.

ಭಾಷಣಕ್ಕೆ ಒಂದಿಷ್ಟು ಖಾರ ಬೇಕೆಂದು, ನಾನು ಹುಟ್ಟುವಾಗ ಹೆರಿಗೆ ಮಾಡಿಸಿದ ಸೂಲಗಿತ್ತಿ ದೇಯಕ್ಕನ ಮನೆಗೆ ಹೋದೆ. ಕಾಲು ಮುಂದಾಗಿ ಬರುವುದು ಎಂದರೆ ಕೂಸು ಹೊಟ್ಟೆಯಲ್ಲಿ ಸರಿಯಾಗಿ ತಿರುಗಿಲ್ಲ ಎಂದು ಮಾತ್ರ, ಅದರಲ್ಲಿ ದೈವಶಕ್ತಿ ಏನೂ ಇಲ್ಲ ಎಂದು ಅವಳ ಬಾಯಿಂದಲೇ ಹೇಳಿಸಬೇಕೆಂಬುದು ನನ್ನ ಯೋಚನೆ. ದೇಯಕ್ಕನಿಗೆ ಈಗ ಕಣ್ಣು ಮಂಜು. ಎಲೆಯಡಿಕೆ ಕುಟ್ಟುತ್ತ ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿದಳು.

“ನೀನಾ? ನೀನು ತಲೆ ಮುಂದಾಗಿ ಬಂದವ ಮಗಾ, ಒಂದಿಷ್ಟೂ ಕಷ್ಟ ಕೊಡ್ಲಿಲ್ಲ. ಕಾಲು ಮುಂದೆ ಮಾಡಿದ್ದು ಗಿರಿಜೆ.”

ಆಮೇಲೆ ಹೇಳಿದ್ದು ಹೀಗೆ. ಗಿರಿಜೆ ಹುಟ್ಟಿದಾಗ ನನ್ನ ಅಜ್ಜಿ ಸುದ್ದಿ ಹೊರಗೆ ಬಿಡಲಿಲ್ಲ. ಹೆಣ್ಣು ಕೂಸು ಬೆಳೆದು ಕಂಡ ಕಂಡ ಗಂಡಸರ ಬೆನ್ನಿಗೆ ಕಾಲು ಕೊಡುವುದುಂಟೇ, ಅಂಥವಳನ್ನು ನಾಳೆ ಯಾರು ಮದುವೆಯಾದಾರು? ಆದರೆ ಮನೆಗೆ ಬಂದ ಗುಣ ದಂಡವಾಗುವುದೂ ಅಜ್ಜಿಗೆ ಇಷ್ಟವಿರಲಿಲ್ಲ. ಮೂರು ವರ್ಷದ ಮೇಲೆ ನಾನು ಹುಟ್ಟಿದ್ದೇ ತಡ, ಅದನ್ನು ನನ್ನ ಹೆಸರಿಗೆ ಮಾಡಿಸಿದರು. ದೇಯಕ್ಕನೂ ಹೂಂ ಎಂದಳು.

ನಾನು ಗುಡ್ಡ ಇಳಿದೆನೋ ಹಾರಿದೆನೋ ನೆನಪಿಲ್ಲ. ಇದಕ್ಕಿಂತ ದೊಡ್ಡ ಪುರಾವೆ ಯಾವ ವಾದಿಗೆ ಸಿಕ್ಕಿದೆ? ಇಪ್ಪತ್ತು ವರ್ಷ ಊರೆಲ್ಲ ಗುಣವಾದದ್ದು ಎಲ್ಲರಂತೆ ತಲೆ ಮುಂದಾಗಿ ಹುಟ್ಟಿದವನ ಕಾಲಿನಿಂದ. ಅಡುಗೆಮನೆಗೆ ನುಗ್ಗಿ ಅಮ್ಮನಿಗೆ ಹೇಳಿದೆ. ನಾಳೆ ಸಭೆಯಲ್ಲಿ ಇದನ್ನು ಬಿಚ್ಚಿಡುತ್ತೇನೆ, ಮಾವನ ಮಣಿಸರ ಹರಿದು ಚೆಲ್ಲಿ ಹೋಗುತ್ತದೆ ಎಂದೆ. ಅಮ್ಮ ತಾನು ಇಷ್ಟು ವರ್ಷ ಸುಳ್ಳು ಹೇಳಿದ್ದಕ್ಕೆ ನಾಚಿದ ಹಾಗೆ ಕಾಣಲಿಲ್ಲ. ಒಲೆಯ ಬೂದಿ ಕೆದಕುತ್ತ ಒಂದೇ ಮಾತು ಹೇಳಿದಳು.

“ಗಿರಿಜೆಯ ಮಾವನಿಗೆ ಸೊಂಟ ನೋವು ಉಂಟು ಮಗಾ.”

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅಲ್ಲೇ ಮಣೆಯ ಮೇಲೆ ಕುಳಿತೆ. ನಾನಲ್ಲ ಎಂದರೆ ಸಾಕು, ಮತ್ತೆ ಯಾರು ಎಂದು ಊರು ದೇಯಕ್ಕನನ್ನು ಕೇಳದೆ ಬಿಡುವುದಿಲ್ಲ. ಒಂದೂವರೆ ಮೈಲು ನಡೆದು ಬರುವ ಹೆಡ್‌ಮಾಸ್ಟರಿಗೆ ಮದ್ದು ಅವರ ಅಡುಗೆಮನೆಯಲ್ಲೇ ಉಂಟೆಂದು ಗೊತ್ತಾದರೆ? ಸೊಸೆ ದಿನವೂ ಬೆಳಗ್ಗೆ ಮಾವನಿಗೆ ಒದೆಯಬೇಕು, ಒದ್ದು ಕಾಲಿಗೆ ಬೀಳಬೇಕು. ಮಾವ ಒಬ್ಬರೇ ಆದರೆ ಸರಿ, ಆ ದೊಡ್ಡ ಮನೆಯಲ್ಲಿ ಮಾವನ ಅಣ್ಣ ತಮ್ಮಂದಿರು, ಕೆಲಸದವರು, ನೆಂಟರು, ಎಲ್ಲರಿಗೂ ಸೊಂಟ ಉಂಟು. ಒದೆಯುವುದಿಲ್ಲ ಎಂದರೆ ಕರುಣೆ ಇಲ್ಲದವಳು, ಒದ್ದರೆ ಮಾವನಿಗೆ ಕಾಲು ತಾಗಿಸಿದವಳು. ತವರಿನವರು ವಿಷಯ ಮುಚ್ಚಿಟ್ಟು ಮದುವೆ ಮಾಡಿದರು ಎಂಬ ಮಾತು ಇವೆರಡರ ಮೇಲೆ. ನಾನು ತರ್ಕ ಹೂಡಿದೆ. ಆ ಕಾಲಿನಲ್ಲಿ ಏನೂ ಇಲ್ಲ ಎಂದು ಸಾಬೀತಾದ ಮೇಲೆ ಅವರು ಅಕ್ಕನನ್ನು ಯಾಕೆ ಕೇಳುತ್ತಾರೆ ಎಂದೆ. ಅಮ್ಮ ನನ್ನನ್ನೇ ನೋಡಿದಳು. ಐತಪ್ಪನನ್ನು ಒಪ್ಪಿಸಲಾಗದವನು ಊರನ್ನು ಒಪ್ಪಿಸುತ್ತಾನೋ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಏನೂ ಮಾತು ಕೊಡದೆ ಎದ್ದು ಹೋದೆ.

ಮರುದಿನ ಸಭೆ. ವಾಚನಾಲಯದ ಕಿಟಕಿಗಳಲ್ಲೂ ತಲೆಗಳು. ಹೆಂಗಸರ ಬೆಂಚಿನಲ್ಲಿ ಅಕ್ಕ ಕುಳಿತಿದ್ದಳು. ನಾನು ಚೆನ್ನಾಗಿಯೇ ಮಾತಾಡಿದೆ. ಸ್ನಾಯು, ಸೆಳೆತ, ಮೂರು ದಿನ, ಎರಡು ಗುಡ್ಡ, ಎಲ್ಲ ಬಂತು. ಸಭೆ ಚಪ್ಪಾಳೆಯನ್ನೂ ತಟ್ಟಿತು. ಮುಂದಿನ ಸಾಲಿನಲ್ಲಿ ಐತಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ, ಅದೂ ಎರಡು ದಿನದ ಹಿಂದೆ ನಾನು ಒದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು. ಆಮೇಲೆ ಮಾವ ಎದ್ದ. ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲರ ಮಾತು ಕೇಳಿ ಕೇಳಿ ಅವನಿಗೂ ಸ್ವಲ್ಪ ಹತ್ತಿತ್ತು.

“ನನ್ನ ಅಳಿಯನಿಗೆ ಒಂದೇ ಪ್ರಶ್ನೆ. ಹೌದು, ಅಲ್ಲ, ಎರಡರಲ್ಲಿ ಒಂದು ಸಾಕು. ನೀನು ಕಾಲು ಮುಂದಾಗಿ ಹುಟ್ಟಿದವನು ಹೌದೋ ಅಲ್ಲವೋ?”

‘ಅಲ್ಲ’ ಎಂಬ ಎರಡಕ್ಷರ ಸಾಕಿತ್ತು. ಮಾವ ತಾನಾಗಿ ಕುತ್ತಿಗೆ ತಂದು ನನ್ನ ಕೈಯಲ್ಲಿ ಇಟ್ಟಿದ್ದ. ಎದ್ದು ನಿಂತೆ, ಬಾಯಿಯನ್ನೂ ತೆರೆದೆ. ಅಧ್ಯಕ್ಷರು ಸೊಂಟದ ಹಿಂದೆ ಒಂದು ದಿಂಬು ಇಟ್ಟುಕೊಂಡು ನನ್ನ ಉತ್ತರ ಬರೆದುಕೊಳ್ಳಲು ಪೆನ್ಸಿಲು ಹಿಡಿದಿದ್ದರು. ಹೆಂಗಸರ ಬೆಂಚಿನಲ್ಲಿ ಅಕ್ಕ ಸೀರೆಯ ನೆರಿಗೆಯೊಳಗೆ ಪಾದಗಳನ್ನು ಮೆಲ್ಲಗೆ ಎಳೆದುಕೊಂಡಳು. ಅವಳಿಗೆ ಗೊತ್ತಿತ್ತು.

ನಾನು ಬಾಯಿ ಮುಚ್ಚಿ ಕುಳಿತೆ.

ಚರ್ಚೆಯಲ್ಲಿ ಉತ್ತರ ಕೊಡದೆ ಕುಳಿತರೆ ಸೋಲು ಎಂದು ನಾನೇ ಶಾಲೆಯ ಮಕ್ಕಳಿಗೆ ಪಾಠ ಹೇಳಿದ್ದೇನೆ. ಕೈ ಎತ್ತಿಸಿ ನೋಡಿದರು. ನನ್ನ ಪರವಾಗಿ ಎದ್ದದ್ದು ನನ್ನ ಕೈ ಒಂದೇ. ಅಧ್ಯಕ್ಷರು ಕೊನೆಯ ಮಾತಿನಲ್ಲಿ, ಸ್ವಂತ ಕಾಲಿನ ಸತ್ಯವನ್ನು ಅಲ್ಲಗಳೆಯದ ತರುಣನ ಪ್ರಾಮಾಣಿಕತೆಯನ್ನು ಮೆಚ್ಚಿದರು. ಹೊರಗೆ ಬರುವಾಗ ಅಕ್ಕ ಪಕ್ಕದಲ್ಲಿ ಹಾದುಹೋದಳು.

“ಸೋತದ್ದು ಒಳ್ಳೆದಾಯ್ತು ತಮ್ಮಾ, ನನಗೆ ಬೆಳಗ್ಗೆ ಬೇರೆ ಕೆಲಸ ಉಂಟು” ಎಂದು ನೆಲ ನೋಡುತ್ತಲೇ ಹೇಳಿದಳು.

ಮರುದಿನ ಬೆಳಗ್ಗೆ ಅಮ್ಮ ನನ್ನನ್ನು ಎಬ್ಬಿಸಲಿಲ್ಲ. ಅಂಗಳದಲ್ಲಿ ಕೆಮ್ಮು ಕೇಳಿಸುತ್ತಿತ್ತು. ಅಡುಗೆಮನೆಯಿಂದ ಸದ್ದೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನಾಗಿ ಎದ್ದು ಹೋದೆ. ನೋಡುತ್ತೇನೆ, ಏಳು ಜನ. ಸಭೆಯ ಸುದ್ದಿ ಪಕ್ಕದ ಊರುಗಳಿಗೂ ಹೋಗಿತ್ತು. ಮೊದಲನೆಯವನು ಐತಪ್ಪನೇ. ಅಷ್ಟು ಹೊತ್ತು ಬೆಂಚಿನಲ್ಲಿ ಕುಳಿತು ನನ್ನ ಭಾಷಣ ಕೇಳಿದ್ದರಿಂದ ಮತ್ತೆ ಬೆನ್ನು ಹಿಡಿದಿತ್ತಂತೆ.

ಅವನಿಗೆ ಹೇಳಬೇಕಾದ ಮಾತು ನನ್ನ ಹತ್ತಿರ ಬೇಕಾದಷ್ಟಿತ್ತು. ಒಂದನ್ನೂ ಹೇಳಲಿಲ್ಲ. ಮೂರು ಸಲ ಒದ್ದೆ, ಅಡ್ಡಬಿದ್ದೆ. ಅಮ್ಮ ಸದ್ದಿಲ್ಲದೆ ಬಂದು ನನ್ನ ಕಪ್ಪಿಗೆ ಹೊಸ ಎಣ್ಣೆ ತುಂಬಿಸಿ ಮೆಟ್ಟಿಲಲ್ಲಿ ಇಟ್ಟಳು. ಐತಪ್ಪ ಅದರೊಳಗೆ ನಾಲ್ಕೂ ಬೆರಳು ಅದ್ದಿ ಬೆನ್ನಿಗೆ ತಿಕ್ಕಿಕೊಂಡು, ಹಿಂದಿರುಗಿ ನೋಡದೆ ನಡೆದು ಬೇಲಿ ದಾಟಿದ. ದಾಟಿದ ಮೇಲೆ ಆಚೆಯಿಂದಲೇ ಕೂಗಿ ಹೇಳಿದ.

“ಇವತ್ತಿನದ್ದು ಸರಿಯಾಗಿ ಹಿಡಿಯಿತು ಮಾಸ್ಟ್ರೇ. ನೀವು ಮಾತಾಡದೆ ಇದ್ದರೆ ನಿಮ್ಮಷ್ಟು ಒಳ್ಳೆಯವರು ಬೇರೆ ಇಲ್ಲ.”

ನಾಲ್ಕು ವರ್ಷ ಕಾಲೇಜಿನಲ್ಲಿ, ಎರಡು ವರ್ಷ ಊರಿನಲ್ಲಿ ನಾಲಿಗೆ ಸವೆಸಿದವನಿಗೆ ಊರು ಮನಸ್ಸು ಬಿಚ್ಚಿ ಕೊಟ್ಟ ಮೊದಲ ಮೆಚ್ಚುಗೆ ಇದು. ಇದಕ್ಕೆ ತಕ್ಕ ಉತ್ತರವೊಂದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಷ್ಟರಲ್ಲಿ ಎರಡನೆಯವನು ಮೆಟ್ಟಿಲಲ್ಲಿ ಬೆನ್ನು ಕೊಟ್ಟು ಕುಳಿತಾಗಿತ್ತು.